ಮಲಗಿಸಿ ತೆಗೆದ ಇಸಿಜಿಯಲ್ಲಿ ನಿಂತಾಗಿನ ತೊಂದರೆ ಕಾಣುವುದಿಲ್ಲ

ಪ್ರಶ್ನೆ: ನನಗೆ 29 ವರ್ಷ. ಕೋವಿಡ್ ಬಂದು ಹೋಗಿ ಐದು ತಿಂಗಳಾಯಿತು. ಎದ್ದು ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಸ್ನಾನ ಮಾಡಿದರೂ ಸುಸ್ತು. ಇಸಿಜಿ, ಎಕೋ ನಾರ್ಮಲ್. ಎಲ್ಲರೂ ಟೆನ್ಶನ್ ಅನ್ನುತ್ತಾರೆ.

ಉತ್ತರ: ಇಂಥ ಪತ್ರ ಬರುತ್ತಲೇ ಇವೆ. ಎಲ್ಲದರಲ್ಲೂ ಈ ‘ಟೆನ್ಶನ್’ ಇದೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಇಸಿಜಿ, ಎಕೋ ಎರಡನ್ನೂ ಮಲಗಿಸಿ ಮಾಡುತ್ತಾರೆ. ನಿಮಗೆ ತೊಂದರೆ ಆಗುವುದು ನಿಂತಾಗ, ಅಲ್ವಾ?

ಹತ್ತು ನಿಮಿಷ ಮಲಗಿ, ನಾಡಿ ಮತ್ತು ಬಿಪಿ ಬರೆದುಕೊಳ್ಳಿ. ಆಮೇಲೆ ಎದ್ದು ಹತ್ತು ನಿಮಿಷ ಸುಮ್ನೆ ನಿಂತು, ಎರಡೆರಡು ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತುಬಿಡಿ. ಬಿಪಿ ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಬಡಿತ ಅಥವಾ ಜಾಸ್ತಿ ಏರಿ ಹಾಗೇ ಉಳಿದರೆ, ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಇದು ‘ಪಾಟ್ಸ್’ (ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇರಬಹುದು. ರಕ್ತಹೀನತೆ, ಥೈರಾಯ್ಡ್ ಕೂಡ ಎದೆ ಹೊಡೆದುಕೊಳ್ಳುವಂತೆ ಮಾಡುತ್ತವೆ. ಅವನ್ನೂ ನೋಡಿಸಿ.

ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳ ಬಿಗಿಯಾಗಿ ಅದನ್ನು ತಡೆಯಬೇಕು. ಬಿಗಿ ಮಾಡಿಸುವ ನರಗಳು ಸೋಂಕಿನ ನಂತರ ಕೆಲವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಹೃದಯವೇ ಜೋರಾಗಿ ಓಡಬೇಕಾಗುತ್ತದೆ.

ಪಾಟ್ಸ್ ಅಂತ ಖಚಿತವಾದರೆ ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಊಟದಲ್ಲಿ ಸ್ವಲ್ಪ ಜಾಸ್ತಿ ಉಪ್ಪು. ಬಿಪಿ, ಕಿಡ್ನಿ, ಹೃದಯದ ಕಾಯಿಲೆ ಇರುವವರು ಮಾತ್ರ ಉಪ್ಪಿನ ತಂಟೆಗೆ ಹೋಗಬೇಡಿ. ಸೊಂಟದವರೆಗೆ ಬರುವ ಬಿಗಿ ಕಾಲುಚೀಲ ಹಾಕಿ. ವ್ಯಾಯಾಮವನ್ನು ಮಲಗಿ, ಕೂತು ಮಾಡುವುದರಿಂದ ಶುರು ಮಾಡಿ. ಮರುದಿನ ಸುಸ್ತು ಹೆಚ್ಚಾದರೆ ಕಡಿಮೆ ಮಾಡಿ. ‘ಬೆವರು ಹರಿಸು, ಸರಿಹೋಗುತ್ತೆ’ ಅನ್ನುವ ಜಿಮ್ ಗೆಳೆಯನ ಮಾತು ಕೇಳಬೇಡಿ. ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಹೃದಯ ಸ್ನಾಯುವಿನ ಉರಿಯೂತ ಅಂತಾದರೆ ಮೂರರಿಂದ ಆರು ತಿಂಗಳು ಆಟ, ಓಟ ಬಂದ್. ಈ ವಿಷಯದಲ್ಲಿ ನಾನು ಒಂದು ವಾರವೂ ರಿಯಾಯಿತಿ ಕೊಡುವುದಿಲ್ಲ.

ಪ್ರಶ್ನೆ: ಮೂರು ತಿಂಗಳಿಗೊಮ್ಮೆ ಡಿ-ಡೈಮರ್ (ರಕ್ತ ಹೆಪ್ಪುಗಟ್ಟಿರುವ ಸುಳಿವು ಕೊಡುವ ರಕ್ತಪರೀಕ್ಷೆ) ಮಾಡಿಸಲೇ?

ಉತ್ತರ: ಕಾಲು ಊತ, ಎದೆನೋವು, ಉಸಿರಾಟದ ತೊಂದರೆ ಯಾವುದೂ ಇಲ್ಲದಿದ್ದರೆ ಬೇಡ.

ಪ್ರಶ್ನೆ: ಬೆಳ್ಳುಳ್ಳಿ-ಶುಂಠಿ ಕಷಾಯಕ್ಕೆ ಹೃದಯದ ರಕ್ತನಾಳದ ಬ್ಲಾಕ್ ಕರಗುತ್ತದಾ?

ಉತ್ತರ: ಇಲ್ಲ. ಅದನ್ನು ಮಾರುತ್ತಾ ‘ಬಿಪಿ ಮಾತ್ರೆ ನಿಲ್ಲಿಸಿ’ ಅನ್ನುವವನನ್ನು ಮನೆಯೊಳಗೆ ಬಿಡಬೇಡಿ.

ಪ್ರಶ್ನೆ: ಯುವಕರ ಹಠಾತ್ ಸಾವಿಗೆ ಕೋವಿಡ್ ಲಸಿಕೆ ಕಾರಣವೇ?

ಉತ್ತರ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿ 2023ರಲ್ಲೇ ಹೇಳಿದೆ: ಲಸಿಕೆಯಿಂದ ಅಪಾಯ ಹೆಚ್ಚಿಲ್ಲ. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಇಂಥ ಸಾವು ಆಗಿದ್ದವರಲ್ಲಿ, ವಿಪರೀತ ಕುಡಿದವರಲ್ಲಿ ಹೆಚ್ಚಿತ್ತು.