ಕಾಫಿ ಕೆಟ್ಟರೆ ಪುಡಿಯದ್ದೇ ತಪ್ಪಾ?

ಪ್ರಶ್ನೆ: ಅದೇ ಪುಡಿ, ಅದೇ ಪಾತ್ರೆ. ಆದರೂ ಒಂದು ದಿನ ಕಾಫಿ ಕಹಿ, ಇನ್ನೊಂದು ದಿನ ಹುಳಿ. ಯಾಕೆ ಹೀಗೆ?

ಉತ್ತರ: ಪುಡಿಯನ್ನು ಬೈಯುವ ಮೊದಲು ನೀರು ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ಬಿಟ್ಟಿರಿ ಅಂತ ನೋಡಿ. ಬಿಸಿನೀರು ತಾಗಿದ ಕೂಡಲೇ ಪುಡಿಯಿಂದ ಮೊದಲು ಇಳಿಯುವುದು ಹುಳಿ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಬೇಗ ಸೋಸಿದರೆ ಹುಳಿಯಲ್ಲೇ ನಿಂತುಬಿಡುತ್ತದೆ, ತಡ ಮಾಡಿದರೆ ಕಹಿಯೂ ಇಳಿಯುತ್ತದೆ, ನೀರು ಆರಿದ್ದರೆ ಎಲ್ಲವೂ ನಿಧಾನ. ಪುಡಿ ನುಣ್ಣಗಿದ್ದಷ್ಟೂ ಈ ಕೆಲಸ ಬೇಗ ಆಗುತ್ತದೆ. ಹಾಗಾಗಿ ಹುಳಿ ಅನ್ನಿಸಿದರೆ ಸ್ವಲ್ಪ ನುಣ್ಣಗೆ ಬೀಸಿ, ಕಹಿ ಅನ್ನಿಸಿದರೆ ತರಿತರಿಯಾಗಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಬೀಸುವುದು, ಅಳತೆ, ಹೊತ್ತು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಇನ್ನು ಚಮಚದ ಅಳತೆಯನ್ನು ನಾನಂತೂ ನಂಬುವುದಿಲ್ಲ. ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ, ಅದೇ ಚಮಚದಲ್ಲಿ ತೂಕ ಕಮ್ಮಿ ಬರುತ್ತದೆ. ಒಂದು ಚಿಕ್ಕ ತಕ್ಕಡಿ ಇಟ್ಟುಕೊಂಡು 15 ಗ್ರಾಂ ಪುಡಿಗೆ 240 ಮಿ.ಲೀ. ನೀರಿನಿಂದ ಶುರು ಮಾಡಿ, ಆಮೇಲೆ ನಿಮ್ಮ ನಾಲಿಗೆ ಹೇಳಿದಂತೆ. (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ, ಅಂದರೆ ಎಸ್ಪ್ರೆಸೊ, ಅದರ ಲೆಕ್ಕ ಬೇರೆ, ಅಲ್ಲಿ ನೀರು ಇದಕ್ಕಿಂತ ತುಂಬಾ ಕಮ್ಮಿ.)

ಪ್ರಶ್ನೆ: ಕುದಿಯುವ ನೀರು ಹಾಕಿದರೆ ಪುಡಿ ಸೀದುಹೋಗುತ್ತಂತೆ, ನಿಜವಾ?

ಉತ್ತರ: ಇಲ್ಲ. ಬೀಜ ಹುರಿಯುವಾಗಲೇ 200 ಡಿಗ್ರಿ ದಾಟಿ ಬಂದಿರುತ್ತದೆ, ನೀರು 100ಕ್ಕೆ ಏನು ಸುಡುತ್ತೆ? ಆದರೆ ಕಪ್ಪಗೆ ಹುರಿದ ಪುಡಿಗೆ ಅಷ್ಟು ಬಿಸಿ ಬಿದ್ದರೆ ಕಹಿ ಜಾಸ್ತಿ ಇಳಿಯುತ್ತದೆ. ಅದಕ್ಕೇ 90ರಿಂದ 96 ಡಿಗ್ರಿ ಅನ್ನುವುದು.

ಪ್ರಶ್ನೆ: ಫ್ರೆಂಚ್ ಪ್ರೆಸ್‌ನಲ್ಲಿ (ಪುಡಿ ನೆನೆಸಿ ಜಾಲರಿಯಿಂದ ಒತ್ತುವ ಪಾತ್ರೆ) ಮಾಡಿದರೆ ಲೋಟದ ತಳದಲ್ಲಿ ಗಸಿ ನಿಲ್ಲುತ್ತೆ. ಏನು ಮಾಡಲಿ?

ಉತ್ತರ: ತರಿಯಾಗಿ ಬೀಸಿ, 4 ನಿಮಿಷ ಬಿಡಿ, ಒತ್ತಿದ ಮೇಲೂ ಒಂದು ನಿಮಿಷ ಸುಮ್ನೆ ಇರಿ, ಗಸಿ ಕೆಳಗೆ ಕೂರುತ್ತದೆ. ಅದರ ಜಾಲರಿಯಲ್ಲಿ ಸ್ವಲ್ಪವಾದರೂ ದಾಟಿಯೇ ದಾಟುತ್ತದೆ. ಚೂರೂ ಬೇಡ ಅಂದರೆ ಪೇಪರ್ ಫಿಲ್ಟರ್ ಇದೆಯಲ್ಲ, 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಸ್ ಅನ್ನುವ ಗೃಹಿಣಿ ಈ ಗಸಿಯ ಕಾಟಕ್ಕೇ ಅದನ್ನು ಕಂಡುಹಿಡಿದದ್ದು. ಕೊಲೆಸ್ಟ್ರಾಲ್ ಜಾಸ್ತಿ ಇರುವವರಿಗೂ ಪೇಪರೇ ಒಳ್ಳೆಯದು, ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕಾಫಿ ಎಣ್ಣೆಯಂಶವನ್ನು ಅದು ಬಹುಪಾಲು ಹಿಡಿದಿಡುತ್ತದೆ.

ಪ್ರಶ್ನೆ: ಕಪ್ಪಗೆ, ಕಹಿಯಾಗಿರುವ ಕಾಫಿಯಲ್ಲಿ ಕೆಫೀನ್ ಜಾಸ್ತಿ ಅಲ್ವಾ?

ಉತ್ತರ: ಬಣ್ಣ ನೋಡಿ ಹೇಳುವ ಹಾಗಿಲ್ಲ. ಹುರಿಯುವುದರಿಂದ ಕೆಫೀನ್ ಅಷ್ಟೇನೂ ಬದಲಾಗುವುದಿಲ್ಲ. ಬೀಜದ ಜಾತಿ ಮುಖ್ಯ, ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇರುತ್ತದೆ. ಎಷ್ಟು ಕುಡಿದಿರಿ ಅನ್ನುವುದೂ ಮುಖ್ಯ, ಒಂದು ಚಿಕ್ಕ ಎಸ್ಪ್ರೆಸೊಗಿಂತ ಒಂದು ದೊಡ್ಡ ಮಗ್ ಸೋಸಿದ ಕಾಫಿಯಲ್ಲೇ ಸಾಮಾನ್ಯವಾಗಿ ಕೆಫೀನ್ ಜಾಸ್ತಿ. ಕುಡಿದ ಸುಮಾರು 5 ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಉಳಿದಿರುತ್ತದೆ, ನಿದ್ದೆ ಬರುತ್ತಿಲ್ಲ ಅನ್ನುವವರು ಸಂಜೆ ಕಾಫಿ ಬಿಟ್ಟು ನೋಡಿ.

ಪ್ರಶ್ನೆ: ಪುಡಿ ಫ್ರಿಜ್‌ನಲ್ಲಿಡಬಹುದಾ?

ಉತ್ತರ: ಬೇಡ. ತೇವವನ್ನೂ ಪಕ್ಕದ ಪಾತ್ರೆಯ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಗೆ ಹಾಕಿ ಬಿಸಿಲು ಬೀಳದ ಕಡೆ ಇಡಿ. ಆದಷ್ಟೂ ಬೀಜ ತಂದು, ಬೇಕಾದಾಗ ಬೇಕಾದಷ್ಟೇ ಬೀಸಿಕೊಳ್ಳಿ.

ಪ್ರಶ್ನೆ: ಉಳಿದ ಕಾಫಿ ಮತ್ತೆ ಬಿಸಿ ಮಾಡಿದರೆ?

ಉತ್ತರ: ಕುಡಿದರೆ ಏನೂ ಆಗಲ್ಲ, ರುಚಿ ಮಾತ್ರ ಕೆಡುತ್ತದೆ. ಮಾಡಿದ ತಕ್ಷಣ ಫ್ಲಾಸ್ಕ್‌ಗೆ ಹಾಕಿಡಿ.