ಎರಡೂ ಉತ್ತರ ಪ್ಲಸ್ ಬಂದರೆ ಯಾವುದನ್ನು ಬಿಡಬೇಕು?

ಪ್ರಶ್ನೆ: ಸರ್, ವರ್ಗ ಸಮೀಕರಣ ಬರೆದು ಕೊಟ್ಟರೆ ಬಿಡಿಸುತ್ತೇನೆ, ಮಾತಿನಲ್ಲಿ ಕೊಟ್ಟರೆ ಕೈ ಓಡುವುದಿಲ್ಲ. ‘30 ಮೀಟರ್ ಉದ್ದ, 20 ಮೀಟರ್ ಅಗಲದ ತೋಟ. ಒಳಗೆ ಸುತ್ತಲೂ ಒಂದೇ ಅಗಲದ ಹಾದಿ ಬಿಟ್ಟು, ಉಳಿದ 416 ಚದರ ಮೀಟರಿನಲ್ಲಿ ದಾಳಿಂಬೆ ಹಚ್ಚಿದ್ದಾರೆ. ಹಾದಿಯ ಅಗಲ ಎಷ್ಟು?’ ಮೊದಲ ಸಲ 4 ಮೀಟರ್ ಎಂದು ಬರೆದೆ, ತಪ್ಪಾಯಿತು. ಮತ್ತೆ ಮಾಡಿದಾಗ 2 ಮತ್ತು 23 ಬಂದವು. ಮೈನಸ್ ಬಂದದ್ದನ್ನು ಬಿಡಬೇಕು ಎಂದು ಕಲಿತಿದ್ದೇನೆ. ಎರಡೂ ಪ್ಲಸ್ ಬಂದರೆ ಏನು ಮಾಡಲಿ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಮೊದಲು ನಿನ್ನ ಆ 4 ಎಲ್ಲಿಂದ ಬಂತು ನೋಡೋಣ. ಹಾದಿಯ ಅಗಲವನ್ನು ‘ಅ’ ಎಂದಿಟ್ಟುಕೊಂಡು (30 − ಅ)(20 − ಅ) = 416 ಎಂದು ಬರೆದಿರುತ್ತೀ. ಮನೆಯಲ್ಲಿ ಕೌದಿಗೆ ಅಂಚು ಹಚ್ಚುವುದನ್ನು ನೋಡಿದ್ದೀಯಲ್ಲ? ಎಡಕ್ಕೊಂದು ಪಟ್ಟಿ ಹಚ್ಚಿದರೆ ಬಲಕ್ಕೂ ಒಂದು ಬೇಕು. ತಲೆಯ ಕಡೆ ಹಚ್ಚಿದರೆ ಕಾಲ ಕಡೆಗೂ ಬೇಕು. ತೋಟದ ಹಾದಿಯೂ ಹಾಗೇ, ಉದ್ದದಲ್ಲೂ ಅಗಲದಲ್ಲೂ ಎರಡೆರಡು ಸಲ ಕಳೆಯುತ್ತದೆ. ನಿನಗೆ ಸಿಕ್ಕ 4 ಎಂದರೆ ಎರಡು ಬದಿಯ ಹಾದಿ ಸೇರಿದ ಅಗಲ. ಚಿತ್ರ ಬರೆಯದೆ ಸಮೀಕರಣಕ್ಕೆ ಕೈ ಹಾಕಿದರೆ ಈ ತಪ್ಪು ಆಗಿಯೇ ಆಗುತ್ತದೆ. ಮಾತಿನ ಲೆಕ್ಕದಲ್ಲಿ ನನ್ನ ಮೊದಲ ಒತ್ತಾಯ ಇದೇ: ಚೌಕಟ್ಟು ಬರಿ, ಒಳಗೆ ಇನ್ನೊಂದು ಚೌಕಟ್ಟು ಬರಿ, ಪ್ರತಿ ಬದಿಯ ಸಂದಿನಲ್ಲೂ ‘ಅ’ ಎಂದು ಗುರುತು ಹಾಕು. ನಾಲ್ಕು ‘ಅ’ ಕಣ್ಣಿಗೆ ಕಂಡ ಮೇಲೆ 30 − 2ಅ ತಾನಾಗಿ ಬರುತ್ತದೆ.

ಈಗ (30 − 2ಅ)(20 − 2ಅ) = 416. ಗುಣಿಸಿ, 4ರಿಂದ ಭಾಗಿಸಿದರೆ ಅ² − 25ಅ + 46 = 0. ಮೂಲಗಳು 2 ಮತ್ತು 23. 

ಇಲ್ಲಿ ನೀನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. 23ನ್ನು ಚಿತ್ರದೊಳಗೆ ಇಟ್ಟು ನೋಡು. 30 − 46 = −16, 20 − 46 = −26. ಎರಡು ಮೈನಸ್ ಗುಣಿಸಿದರೆ ಪ್ಲಸ್ 416! ಗುಣಾಕಾರ ಸರಿಹೋಯಿತು, ಸಮೀಕರಣಕ್ಕೆ ಅಷ್ಟೇ ಸಾಕು. ತೋಟ ಅದಕ್ಕೆ ಗೊತ್ತಿಲ್ಲ. 20 ಮೀಟರ್ ಅಗಲದ ಜಾಗದಲ್ಲಿ 23 ಮೀಟರಿನ ಹಾದಿ ಹಿಡಿಯುವುದಿಲ್ಲ ಎಂದು ಹೇಳಬೇಕಾದವಳು ನೀನು. ಬಿಡುವುದು ಚಿಹ್ನೆ ನೋಡಿ ಅಲ್ಲ, ಚಿತ್ರ ನೋಡಿ. ಪರೀಕ್ಷೆಯಲ್ಲೂ ಬಿಟ್ಟ ಬೆಲೆಯ ಪಕ್ಕದಲ್ಲಿ ಆ ಕಾರಣವನ್ನು ಒಂದು ಸಾಲು ಬರಿ.

ಕೆಲವೊಮ್ಮೆ ಎರಡನ್ನೂ ಬಿಡುವಂತಿಲ್ಲ. ನಿಮ್ಮ ಕಡೆ ಕುರಿ ಸಾಕುವವರು ಬಹಳ, ಅದನ್ನೇ ತಗೋ. ಗೋಡೆಗೆ ಆನಿಸಿ ಮೂರು ಬದಿಗೆ 40 ಅಡಿ ತಂತಿ ಜಾಲರಿ ಕಟ್ಟಿ 192 ಚದರ ಅಡಿಯ ದೊಡ್ಡಿ ಮಾಡಬೇಕು. ಗೋಡೆಯಿಂದ ಹೊರಬರುವ ಬದಿ ‘ಬ’ ಅಡಿಯಾದರೆ ಬ(40 − 2ಬ) = 192. ಉತ್ತರ 8 ಮತ್ತು 12. ಒಂದು ದೊಡ್ಡಿ 8ಕ್ಕೆ 24, ಇನ್ನೊಂದು 12ಕ್ಕೆ 16. ಎರಡೂ ನಿಜವಾದ ದೊಡ್ಡಿಗಳೇ, ಎರಡನ್ನೂ ಬರೆಯಬೇಕು. ಗೋಡೆ 20 ಅಡಿ ಮಾತ್ರ ಇದೆ ಎಂದು ಲೆಕ್ಕದಲ್ಲಿ ಹೇಳಿದ್ದರೆ 24 ಹಿಡಿಯದು, ಆಗ ಮಾತ್ರ 8ನ್ನು ಬಿಡು.

ಅದೇ 40 ಅಡಿಯಲ್ಲಿ 200 ಚದರ ಅಡಿ ಬೇಕೆಂದರೆ ಶೋಧಕ (ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ b² − 4ac) ಸೊನ್ನೆಯಾಗಿ 10ಕ್ಕೆ 20ರ ಒಂದೇ ದೊಡ್ಡಿ ಸಿಗುತ್ತದೆ. 210 ಕೇಳಿದರೆ ಬ² − 20ಬ + 105 = 0, ಶೋಧಕ 400 − 420 = −20. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದು ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾನೆ. ನಮ್ಮ ದೊಡ್ಡಿಯ ಮಟ್ಟಿಗೆ ಅದರ ಅರ್ಥ, 40 ಅಡಿ ಜಾಲರಿಯನ್ನು ಹೇಗೆ ತಿರುಗಿಸಿ ಕಟ್ಟಿದರೂ ಆಯತಾಕಾರದಲ್ಲಿ 210 ಬರುವುದಿಲ್ಲ. ಕೆಲಸ ಶುರು ಮಾಡುವ ಮೊದಲೇ ಇದನ್ನು ಹೇಳಬಲ್ಲೆವು ಎನ್ನುವುದೇ ನನಗೆ ಈ ಪಾಠದಲ್ಲಿ ಬಹಳ ಇಷ್ಟ.

ಒಂದೇ ಒಂದು ಅಡಿ ಜಾಲರಿ ಹೆಚ್ಚು ತಂದುಬಿಡು. ಬ(41 − 2ಬ) = 210. ಶೋಧಕ ಈಗ 1681 − 1680 = 1. ಒಂದು ದೊಡ್ಡಿ 10ಕ್ಕೆ 21, ಇನ್ನೊಂದು ಹತ್ತೂವರೆಗೆ 20. ನಮ್ಮ ಆ 20 ಅಡಿಯ ಗೋಡೆಗೆ ಎರಡನೆಯದು ಕೂದಲೆಳೆ ಜಾಗ ಬಿಡದೆ ಕೂರುತ್ತದೆ.