ಹಿತ್ತಿಲಿಲ್ಲದವರಿಗೂ ಒಂದು ತೋಟ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: "ನಮ್ಮ ವಾಚನಾಲಯದ ಹಿಂದೆ 20 ಸೆಂಟ್ಸ್ ಜಾಗ ಪೊದೆ ಬೆಳೆದು ಬಿದ್ದಿದೆ. ಊರವರೆಲ್ಲ ಸೇರಿ ಅಲ್ಲಿ ತರಕಾರಿ ಮಾಡೋಣ ಎಂದು ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ ಹೇಳಿದೆ. 'ಎಲ್ಲರಿಗೂ ಹಿತ್ತಿಲಿದೆ, ಸಾರ್ವಜನಿಕ ತೋಟ ಪೇಟೆಯವರ ಶೋಕಿ' ಎಂದು ನಕ್ಕರು. ಹುಡುಗರಿಗೆ ಅಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಬೇಕಂತೆ. ಇಂಥ ತೋಟದಿಂದ ಆರೋಗ್ಯಕ್ಕೆ ನಿಜಕ್ಕೂ ಪ್ರಯೋಜನವಿದೆಯೇ, ಅಥವಾ ಓದಲು ಮಾತ್ರ ಚೆಂದವೇ?"

ಅಕ್ಕಾ, ನಕ್ಕವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಎಲ್ಲರಿಗೂ ಹಿತ್ತಿಲಿದೆ ಎನ್ನುವುದು ಹಿತ್ತಿಲಿರುವವರ ಮಾತು. ಮೂರು ನಾಲ್ಕು ಸೆಂಟ್ಸಿನ ಕಾಲನಿ ಮನೆಗೆ ಎಲ್ಲಿಯ ಹಿತ್ತಿಲು? ಕ್ವಾರ್ಟರ್ಸಿನಲ್ಲಿ ಬಾಡಿಗೆಗಿರುವವರು ತುಳಸಿಯನ್ನೂ ಡಬ್ಬದಲ್ಲೇ ನೆಡುತ್ತಾರೆ. ದೊಡ್ಡ ಹಿತ್ತಿಲಿರುವ ಮನೆಗಳಲ್ಲೂ ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ. ಇರುವುದು ವಯಸ್ಸಾದ ಒಂದಿಬ್ಬರು. ಅಡಿಕೆ ನೋಡಿಕೊಳ್ಳುವುದೇ ಕಷ್ಟ, ತೊಂಡೆಕಾಯಿಗೂ ಅಂಗಡಿಗೇ ಹೋಗುತ್ತಾರೆ. ಜಾಗವಿದ್ದಲ್ಲಿ ಕೈಗಳಿಲ್ಲ, ಕೈಗಳಿದ್ದಲ್ಲಿ ಜಾಗವಿಲ್ಲ. ನೀವು ಹೇಳುವ ತೋಟ ಈ ಎರಡನ್ನು ಸೇರಿಸುತ್ತದೆ. ಅದಕ್ಕೇ ನಾನು ನಿಮ್ಮ ಪರ.

ಆರೋಗ್ಯದ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಡೆನ್ವರಿನಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ತೋಟದ ಕೆಲಸ ಮಾಡದ 291 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸಾರ್ವಜನಿಕ ತೋಟದಲ್ಲಿ ಜಾಗ ಕೊಟ್ಟರು, ಇನ್ನೊಂದನ್ನು ಕಾಯಲು ಹೇಳಿದರು. 2023ರಲ್ಲಿ ಫಲಿತಾಂಶ ಬಂತು. ತೋಟ ಮಾಡಿದವರ ಊಟದಲ್ಲಿ ದಿನಕ್ಕೆ ಸುಮಾರು 1.4 ಗ್ರಾಂ ನಾರು ಹೆಚ್ಚು, ವಾರಕ್ಕೆ ಸುಮಾರು 40 ನಿಮಿಷ ಮೈ ಬಗ್ಗಿಸಿ ದುಡಿದದ್ದು ಹೆಚ್ಚು, ಮನಸ್ಸಿನ ಒತ್ತಡ ಕಡಿಮೆ. ದೇಹದ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ತೋಟ ಔಷಧಿಯ ಬದಲಿಗಲ್ಲ. ಆದರೆ ವಾರಕ್ಕೆ ಕನಿಷ್ಠ 150 ನಿಮಿಷ ದೇಹಶ್ರಮ, ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಕುಚ್ಚಲಕ್ಕಿ ಅನ್ನದ ರಾಶಿಯ ಬದಿಗೆ ಒಂದು ಚಮಚ ಪಲ್ಯ ಬಡಿಸಿಕೊಳ್ಳುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ. ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಎಷ್ಟಿದೆ ಹೇಳಿ?

ಪೊದೆ ಬೆಳೆದ ಜಾಗವನ್ನು ಹಾಗೇ ಬಿಟ್ಟರೂ ಬೆಲೆ ತೆರಬೇಕಾಗುತ್ತದೆ. ಅಮೆರಿಕದ್ದೇ ಫಿಲಡೆಲ್ಫಿಯಾ ನಗರದಲ್ಲಿ 541 ಪಾಳು ನಿವೇಶನಗಳನ್ನು ಆರಿಸಿ, ಕೆಲವನ್ನು ಶುಚಿ ಮಾಡಿ ಹುಲ್ಲು, ಮರ ನೆಟ್ಟರು. ಅಕ್ಕಪಕ್ಕದವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರು ಶೇ. 41ರಷ್ಟು ಕಡಿಮೆಯಾದರೆಂದು 2018ರಲ್ಲಿ ವರದಿಯಾಯಿತು.

ವಿಷದ ವಿಚಾರವನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು, ಅದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ತಡೆದದ್ದು 2011ರಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ. ಅಲ್ಲಿ ಸಿಂಪಡಿಸಲು ತೀರ್ಮಾನಿಸಿದವರು ಬೇರೆ, ಆ ಗಾಳಿ ಉಸಿರಾಡಿದವರು ಬೇರೆ. ನಿಮ್ಮ ತೋಟದಲ್ಲಿ ಬೆಳೆಯುವವರೂ ಉಣ್ಣುವವರೂ ಒಬ್ಬರೇ ಆಗಿರುತ್ತಾರೆ. ವಿಷವಿಲ್ಲದೆ ಹಾಗಲ, ಪಡವಲ ಉಳಿಯುತ್ತದೆಯೇ ಎಂದು ಸಭೆಯಲ್ಲಿ ಕೇಳಿಯಾರು. ಉಳಿಯುತ್ತದೆ. ಹೂ ಬಾಡಿ ಕಾಯಿ ಬೆರಳುದ್ದ ಆಗುವಾಗಲೇ ಹಳೆಯ ಪೇಪರನ್ನು ಕೊಳವೆಯಂತೆ ಸುತ್ತಿ, ತೊಟ್ಟಿನ ಬಳಿ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಬೇಕು. ಹಣ್ಣುನೊಣಕ್ಕೆ ಮೊಟ್ಟೆ ಚುಚ್ಚಲು ಜಾಗವೇ ಸಿಗುವುದಿಲ್ಲ. ನೂರು ಕಾಯಿ ಸುತ್ತುವುದು ಒಬ್ಬರಿಗೆ ಬೇಸರದ ಕೆಲಸ. ಐದಾರು ಮಂದಿ ಮಾತಾಡುತ್ತಾ ಚಪ್ಪರದಡಿ ನಿಂತರೆ ಮುಗಿದದ್ದೇ ಗೊತ್ತಾಗುವುದಿಲ್ಲ. ವಿಷದ ಬಾಟಲಿ ಮನೆಗೆ ಬರುವುದು ಹೆಚ್ಚಾಗಿ ಕೈಗಳು ಸಾಲದಾಗ.

ಎರಡು ಎಚ್ಚರಿಕೆ ಹೇಳಲೇಬೇಕು. ಅಡಿಕೆ ಹಾಳೆ, ಕರಟ, ಮುಚ್ಚದ ಡ್ರಮ್ಮು, ಇವುಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆಯನ್ನು ನೀವೇ ಸಾಕಿದ ಹಾಗೆ. ವಾರಕ್ಕೊಮ್ಮೆ ಎಲ್ಲ ಕವುಚಿ ಹಾಕಿ. ಇನ್ನೊಂದು, ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಬರುವ ಇಲಿಜ್ವರ. ಕಾಲಲ್ಲಿ ಗಾಯವಿದ್ದರೆ ಮಳೆಗಾಲದ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ. ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಮಣ್ಣಿನ ಕೆಲಸ ಮಾಡಿದ್ದೆ ಎಂದು ವೈದ್ಯರಿಗೆ ಹೇಳಿ. ಆ ಒಂದು ಮಾತು ಜೀವ ಉಳಿಸಬಹುದು.

ಹುಡುಗರ ಜತೆ ಜಗಳ ಬೇಡ. ಬ್ಯಾಡ್ಮಿಂಟನ್ ಕೋರ್ಟಿಗೆ 44 ಅಡಿ ಉದ್ದ, 20 ಅಡಿ ಅಗಲ, ಅಂದರೆ ಎರಡು ಸೆಂಟ್ಸು. ಸುತ್ತ ಬಿಟ್ಟರೂ ನಾಲ್ಕು ಸಾಕು. ಆಡಲು ಬಂದವರು ಬೇಸಿಗೆಯಲ್ಲಿ ನಾಲ್ಕು ಕೊಡ ನೀರು ಹೊರಲಿ. ಜನವರಿ ಕಳೆದ ಮೇಲೆ ನೀರು ಯಾವ ಬಾವಿಯಿಂದ, ಯಾವ ದಿನ ಯಾರ ಸರದಿ, ಕೊಯ್ದದ್ದು ಹೇಗೆ ಪಾಲು ಎಂಬ ಮೂರು ವಿಷಯ ಬೀಜ ಬಿತ್ತುವ ಮೊದಲೇ ಪುಸ್ತಕದಲ್ಲಿ ಬರೆದಿಡಿ. ಊರ ಕೆಲಸಗಳು ಕೆಡುವುದು ಇಂಥ ಕಡೆಯೇ. ದುಡಿದವರಿಗೆ ಪಾಲು, ಅಂಗನವಾಡಿಗೆ ಒಂದು ಪಾಲು ಎಂಬುದು ನನ್ನ ಅಭಿಪ್ರಾಯ. ಜಾಗ ಯಾರ ಹೆಸರಿನಲ್ಲಿದೆ ಎಂದು ನೋಡಿ ಲಿಖಿತ ಒಪ್ಪಿಗೆಯನ್ನೂ ಪಡೆಯಿರಿ.

ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಂಚೆ ಪೊದೆ ಕಡಿದು, ಕಸಕಡ್ಡಿಯೊಡನೆ ಮಣ್ಣು ಸುಟ್ಟು ಸುಡುಮಣ್ಣು ಗೊಬ್ಬರ ಮಾಡಿಟ್ಟರೆ ಮೊದಲ ಮಳೆಗೆ ಬೆಂಡೆ, ಹೀರೆ, ಮುಳ್ಳುಸೌತೆ ಹಾಕಬಹುದು. ಕೇರಳ ಸರಕಾರದ 'ಓಣಕ್ಕೊಂದು ಮೊರ ತರಕಾರಿ' ಯೋಜನೆಯಲ್ಲಿ ಬೀಜ ಸಿಗುತ್ತದೆಯೇ ಎಂದು ಕೃಷಿಭವನದಲ್ಲಿ ಈಗಲೇ ವಿಚಾರಿಸಿ. ಬಸಳೆಗೆ ಬೀಜ ಹುಡುಕಬೇಡಿ. ಬಲಿತ ದಂಡನ್ನು ಎರಡು ಗಿಣ್ಣು ಮಣ್ಣಿಗೆ ಹೋಗುವಂತೆ ಊರಿದರಾಯಿತು. ನಮ್ಮ ಮನೆಯ ಚಪ್ಪರದಲ್ಲಿ ಬೇಕಾದಷ್ಟಿದೆ. ಬರುವ ಮೊದಲು ಒಂದು ಫೋನ್ ಮಾಡಿ, ಕತ್ತರಿಸಿ ಇಟ್ಟಿರುತ್ತೇನೆ.

— ಸಂ.